ಭಾನುವಾರದ ಮರುದಿನ ಸೋಮವಾರವೇ ಯಾಕೆ? ನಮ್ಮ ಮನೆಯೊಳಗಿನ ಗ್ರೀಕರು

ವಾರದ ಹೆಸರುಗಳನ್ನು ಒಂದು ಸಲ ನಿಧಾನವಾಗಿ ಹೇಳಿಕೊಳ್ಳಿ. ರವಿ, ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ. ಸೂರ್ಯನ ಹಿಂದೆ ಚಂದ್ರ, ಚಂದ್ರನ ಹಿಂದೆ ಮಂಗಳ, ಮಂಗಳನ ಹಿಂದೆ ಬುಧ. ಇದು ಯಾವ ಸಾಲು? ದೊಡ್ಡದರಿಂದ ಚಿಕ್ಕದಕ್ಕೆ ಅಲ್ಲ. ಹತ್ತಿರದಿಂದ ದೂರಕ್ಕೆ ಅಲ್ಲ. ಹೊಳಪಿನ ಲೆಕ್ಕವೂ ಅಲ್ಲ. ಆದರೂ ಈ ಸಾಲು ಬೆಂಗಳೂರಿನಲ್ಲೂ ಇದೇ, ಪ್ಯಾರಿಸ್ಸಿನಲ್ಲೂ ಇದೇ. ಫ್ರೆಂಚರ ಮಂಗಳವಾರದ ಹೆಸರು 'ಮಾರ್ದಿ', ಅಂದರೆ ಮಂಗಳ ಗ್ರಹದ ದಿನ. ಅವರ ಬುಧವಾರ 'ಮೆರ್ಕ್ರೆದಿ', ಅಂದರೆ ಬುಧ ಗ್ರಹದ ದಿನ. ಇಷ್ಟು ದೂರದ ಎರಡು ಊರುಗಳು ಒಂದೇ ವಿಚಿತ್ರ ಸಾಲನ್ನು ಹಿಡಿದುಕೊಂಡಿವೆ ಅಂದರೆ ಅದರ ಹಿಂದೆ ಒಂದೇ ಕಡೆಯ ಲೆಕ್ಕ ಇರಲೇಬೇಕು, ಅಲ್ವಾ?

ಆ ಲೆಕ್ಕ ಹುಡುಕುತ್ತಾ ಹೋದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಅಲೆಕ್ಸಾಂಡ್ರಿಯಾದಂತಹ ಊರಿಗೆ ಬಂದು ನಿಲ್ಲುತ್ತೇವೆ. ನೆಲ ಈಜಿಪ್ಟಿನದು. ಆದರೆ ಅಲೆಕ್ಸಾಂಡರ್ ಕಟ್ಟಿಸಿದ ಊರಾದ್ದರಿಂದ ಓದುಬರಹದ ಭಾಷೆ ಗ್ರೀಕ್. ಅಲ್ಲಿನ ಜ್ಯೋತಿಷಿಗಳ ಕೈಗೆ ಮೂರು ಕಡೆಯ ಸರಕು ಸಿಕ್ಕಿತ್ತು. ಬ್ಯಾಬಿಲೋನಿನವರು ನೂರಾರು ವರ್ಷ ಆಕಾಶ ನೋಡಿ ಬರೆದಿಟ್ಟ ಗ್ರಹಗಳ ಲೆಕ್ಕ ಒಂದು. ಹಗಲಿಗೆ ಹನ್ನೆರಡು, ರಾತ್ರಿಗೆ ಹನ್ನೆರಡು ಅಂತ ದಿನವನ್ನು 24 ಪಾಲು ಮಾಡುವ ಈಜಿಪ್ಟಿನ ರೂಢಿ ಇನ್ನೊಂದು. ಭೂಮಿಯನ್ನು ನಡುವೆ ಇಟ್ಟು, ಅದರ ಸುತ್ತ ಒಂದರ ಹೊರಗೊಂದು ಗೋಳಗಳಲ್ಲಿ ಗ್ರಹಗಳು ತಿರುಗುತ್ತವೆ ಅನ್ನುವ ಗ್ರೀಕರ ಚಿತ್ರ ಮೂರನೆಯದು.

ಈಗ ಲೆಕ್ಕ ಮಾಡೋಣ. ಆಕಾಶದಲ್ಲಿ ಒಂದು ಸುತ್ತು ಬರಲು ಶನಿಗೆ ಸುಮಾರು 29 ವರ್ಷ ಬೇಕು. ಗುರುವಿಗೆ 12, ಮಂಗಳನಿಗೆ ಎರಡಕ್ಕೆ ಸ್ವಲ್ಪ ಕಡಿಮೆ, ರವಿಗೆ ಒಂದು. ಚಂದ್ರನಿಗೆ 27 ದಿನ ಸಾಕು. ನಿಧಾನವಾಗಿ ಹೋಗುವವನು ಜಾಸ್ತಿ ದೂರದಲ್ಲಿದ್ದಾನೆ ಅಂತ ಅವರು ಊಹಿಸಿದರು. ಹಾಗೆ ದೂರದಿಂದ ಹತ್ತಿರಕ್ಕೆ ಅವರ ಸಾಲು ಇದು: ಶನಿ, ಗುರು, ಮಂಗಳ, ರವಿ, ಶುಕ್ರ, ಬುಧ, ಚಂದ್ರ. ದಿನದ ಒಂದೊಂದು ಗಂಟೆಗೂ ಇದೇ ಸರದಿಯಲ್ಲಿ ಒಬ್ಬೊಬ್ಬ ಒಡೆಯ. ಮೊದಲ ಗಂಟೆಯ ಒಡೆಯ ಯಾರೋ, ಇಡೀ ದಿನಕ್ಕೆ ಅವನದೇ ಹೆಸರು.

ಶನಿಯಿಂದ ಶುರು ಮಾಡಿ. ಏಳು ಜನರ ಸರದಿ ಮೂರು ಸಲ ಮುಗಿದರೆ 21 ಗಂಟೆ. 22ನೆಯದು ಮತ್ತೆ ಶನಿ, 23 ಗುರು, 24 ಮಂಗಳ. ದಿನ ಮುಗಿಯಿತು. ಮರುದಿನದ ಮೊದಲ ಗಂಟೆ ಯಾರದು? ರವಿಯದು. ಹಾಗಾಗಿ ಶನಿವಾರದ ಮರುದಿನ ರವಿವಾರ. ರವಿಯಿಂದ ಹೀಗೇ ಎಣಿಸಿ. 22 ರವಿ, 23 ಶುಕ್ರ, 24 ಬುಧ, ಮರುದಿನ ಚಂದ್ರ. ಅದೇ ಸೋಮವಾರ. ಬೆರಳಲ್ಲಿ ಎಣಿಸುತ್ತಾ ಹೋದರೆ ಏಳೂ ದಿನ ಒಂದೂ ತಪ್ಪದೆ ಸಿಗುತ್ತವೆ. ನಾನು ಮೊದಲ ಸಲ ಎಣಿಸಿದಾಗ ಆದ ಖುಷಿ ಇನ್ನೂ ನೆನಪಿದೆ. ಹುಟ್ಟಿದಾಗಿನಿಂದ ಹೇಳುತ್ತಿದ್ದ ಏಳು ಹೆಸರುಗಳ ಒಳಗೆ ಇಂಥದ್ದೊಂದು ಗಣಿತ ಕೂತಿತ್ತು.

ಆ ಗಂಟೆಗೆ ಗ್ರೀಕಿನಲ್ಲಿ 'ಹೋರಾ' ಅನ್ನುತ್ತಾರೆ. ಪಂಚಾಂಗ ನೋಡುವವರು ಇವತ್ತಿಗೂ ಗುರು ಹೋರೆ, ಶುಕ್ರ ಹೋರೆ ಅನ್ನುವುದು ಅದೇ ಪದ. ಇಂಗ್ಲಿಷಿನ 'ಅವರ್' ಕೂಡ ಅದರ ಮೊಮ್ಮಗುವೇ. 6ನೇ ಶತಮಾನದ ವರಾಹಮಿಹಿರ ಈ ಪದಕ್ಕೆ ಇನ್ನೊಂದು ವಿವರಣೆ ಕೊಡುತ್ತಾನೆ. 'ಅಹೋರಾತ್ರ'ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ 'ಹೋರಾ' ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರಂತೆ. ಚೆಂದದ ವಿವರಣೆ. ಆದರೆ ಅದೇ ವರಾಹಮಿಹಿರ ರಾಶಿಗಳಿಗೆ ಇನ್ನೊಂದು ಹೆಸರಿನ ಪಟ್ಟಿಯನ್ನೂ ಕೊಟ್ಟಿದ್ದಾನೆ: ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ. ಗ್ರೀಕಿನಲ್ಲಿ ಟಗರಿಗೆ ಕ್ರಿಯೋಸ್, ಗೂಳಿಗೆ ತಾವ್ರೋಸ್, ಅವಳಿಗಳಿಗೆ ದಿದುಮೋಯ್, ಸಿಂಹಕ್ಕೆ ಲೆಯೋನ್, ಕನ್ಯೆಗೆ ಪಾರ್ಥೆನೋಸ್. ಪದಗಳು ಎಲ್ಲಿಂದ ಬಂದವು ಅಂತ ಬೇರೆ ಹೇಳಬೇಕಾಗಿಲ್ಲ. ಅವನೇನೂ ಮುಚ್ಚಿಟ್ಟವನಲ್ಲ. ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿದೆ, ಅವರನ್ನೂ ಋಷಿಗಳಂತೆ ಗೌರವಿಸುತ್ತಾರೆ ಅನ್ನುವ ಮಾತು ಅವನ ಬೃಹತ್ಸಂಹಿತೆಯಲ್ಲೇ ಇದೆ. ನನಗೆ ಆ ಮಾತು ತುಂಬಾ ಇಷ್ಟ.

ಅದಕ್ಕಿಂತ ಹಿಂದಿನ ನಮ್ಮ ವೇದಾಂಗ ಜ್ಯೋತಿಷದಲ್ಲಿ ತಿಥಿ ಇದೆ, ನಕ್ಷತ್ರ ಇದೆ, ಏಳು ವಾರಗಳು ಇಲ್ಲ. ನಮ್ಮ ದೇಶದಲ್ಲಿ ವಾರದ ಹೆಸರು ಕಾಣಿಸುವ ಹಳೆಯ ಶಾಸನಗಳಲ್ಲಿ ಮುಖ್ಯವಾದದ್ದು ಮಧ್ಯಪ್ರದೇಶದ ಏರಣ್‌ನಲ್ಲಿದೆ. ಬುಧಗುಪ್ತನ ಕಾಲದ್ದು, ಕ್ರಿ.ಶ. 484ರದ್ದು. ಅದರಲ್ಲಿ ಕೆತ್ತಿರುವುದು ಗುರುವಾರ. ಆಮೇಲೆ ನಮ್ಮ ಕನ್ನಡ ಶಾಸನಗಳಲ್ಲೂ ಆದಿತ್ಯವಾರ, ಸೋಮವಾರಗಳು ಸಾಲುಸಾಲಾಗಿ ಬರುತ್ತವೆ. ಆ ಹೊತ್ತಿಗೆ ಅವು ಹೊರಗಿನಿಂದ ಬಂದವು ಅನ್ನುವ ನೆನಪು ಕೂಡ ಯಾರಿಗೂ ಇದ್ದಿರಲಾರದು.

ಯವನ, ಯುನಾನಿ, ಕೇಂದ್ರ

ಗ್ರೀಕ್ ಪ್ರಭಾವ ಅಂದ ಕೂಡಲೇ ನಮಗೆ ಅಮೃತಶಿಲೆಯ ಕಂಬಗಳು, ಒಲಿಂಪಿಕ್ಸ್, ಇಂಗ್ಲಿಷ್ ಪಾಠ ನೆನಪಾಗುತ್ತವೆ. ಅದೆಲ್ಲ ಯುರೋಪಿನಿಂದ ಬ್ರಿಟಿಷರ ಜೊತೆ ಬಂದದ್ದು ಅನ್ನಿಸುತ್ತದೆ. ಅದು ಅರ್ಧ ನಿಜ. ಇಂಗ್ಲಿಷ್ ಅನ್ನುವ ಭಾಷೆ ಹುಟ್ಟುವ ಮೊದಲೇ ಗ್ರೀಕರ ಎಷ್ಟೋ ವಿಷಯಗಳು ಹಡಗು ಹತ್ತಿ, ಒಂಟೆ ಏರಿ ನಮ್ಮ ಕಡೆ ಬಂದಿದ್ದವು.

'ಕೇಂದ್ರ' ಅನ್ನುವ ಪದ ತೆಗೆದುಕೊಳ್ಳಿ. ಕೇಂದ್ರ ಸರ್ಕಾರ, ಕೇಂದ್ರೀಯ ವಿದ್ಯಾಲಯ, ಆರೋಗ್ಯ ಕೇಂದ್ರ, ಮತದಾನ ಕೇಂದ್ರ. ಇದಕ್ಕಿಂತ ನಮ್ಮದಾದ ಪದ ಯಾವುದಿದೆ ಅನ್ನಿಸುತ್ತದೆ. ಅದು ಗ್ರೀಕಿನ 'ಕೆಂತ್ರೋನ್'. ಮೂಲ ಅರ್ಥ ಎತ್ತನ್ನು ತಿವಿಯುವ ಕೋಲಿನ ಚೂಪು ಮೊನೆ. ಅಲ್ಲಿಂದ ಅದು ಕೈವಾರದ ಮುಳ್ಳಿನ ಹೆಸರಾಯಿತು, ಆ ಮುಳ್ಳು ಊರುವ ಜಾಗದ ಹೆಸರಾಯಿತು, ವೃತ್ತದ ನಡುವಿನ ಬಿಂದು ಆಯಿತು. ಜ್ಯೋತಿಷದ ಪುಸ್ತಕಗಳ ಜೊತೆ ಸಂಸ್ಕೃತಕ್ಕೆ ಬಂತು, ಅಲ್ಲಿಂದ ಕನ್ನಡಕ್ಕೆ. ಲ್ಯಾಟಿನ್ ದಾರಿ ಹಿಡಿದು ಹೋದದ್ದು ಇಂಗ್ಲಿಷಿನಲ್ಲಿ 'ಸೆಂಟರ್' ಆಯಿತು. ನಾವು 'ಸೆಂಟರ್' ಬೇಡ, ಅಚ್ಚ ಕನ್ನಡದಲ್ಲಿ 'ಕೇಂದ್ರ' ಅನ್ನೋಣ ಅಂದಾಗ ಒಂದೇ ಪದವನ್ನು ಎರಡು ವೇಷದಲ್ಲಿ ನೋಡುತ್ತಿರುತ್ತೇವೆ. ನಾಣ್ಯದ ಮಾತೂ ಹಾಗೇ. ಗ್ರೀಕರ 'ದ್ರಖ್ಮೆ' ನಮ್ಮ ಶಾಸನಗಳ 'ದ್ರಮ್ಮ' ಆಯಿತು, ಹಿಂದಿಯಲ್ಲಿ ಬೆಲೆಗೆ ಹೇಳುವ 'ದಾಮ್' ಆಯಿತು.

ಇನ್ನು 'ಯವನ'. ಏಜಿಯನ್ ಸಮುದ್ರದ ಪೂರ್ವ ದಂಡೆಯಲ್ಲಿದ್ದ ಗ್ರೀಕರ ನಾಡಿನ ಹೆಸರು ಅಯೋನಿಯಾ. ಪೂರ್ವದ ಕಡೆಯವರು ಮೊದಲು ಕಂಡ ಗ್ರೀಕರು ಅವರೇ. ಪರ್ಷಿಯನ್ನರು ಅವರನ್ನು 'ಯೌನ' ಅಂದರು, ನಾವು ಯವನ ಅಂದೆವು, ಅರಬರು 'ಯೂನಾನ್' ಅಂದರು. ಬೆಂಗಳೂರಿನಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಆ 'ಯುನಾನಿ' ಅಂದರೆ 'ಗ್ರೀಕರದ್ದು' ಅಂತಲೇ ಅರ್ಥ. ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಅನ್ನುವ ನಾಲ್ಕು ರಸಗಳ ಮೇಲೆ ನಿಂತ ಹಿಪ್ಪೊಕ್ರಟೀಸ್ ಮತ್ತು ಗ್ಯಾಲೆನ್ ಅವರ ವೈದ್ಯ ಅದು. ಆದರೆ ನಮಗೆ ಅದನ್ನು ತಂದುಕೊಟ್ಟವರು ಗ್ರೀಕರಲ್ಲ, ಮುಸ್ಲಿಂ ಹಕೀಮರು.

ಅದು ಹೇಗೆ ಅನ್ನುವುದಕ್ಕೆ ಬಾಗ್ದಾದ್ ನೋಡಬೇಕು. 9ನೇ ಶತಮಾನದಲ್ಲಿ ಅಬ್ಬಾಸಿದ್ ಖಲೀಫರು ಗ್ರೀಕ್ ಪುಸ್ತಕಗಳನ್ನು ಹುಡುಕಿಸಿ ತರಿಸಿ ಅನುವಾದ ಮಾಡಿಸಿದರು. ಅನುವಾದಕರಲ್ಲಿ ಹಿರಿಯ ಹುನೈನ್ ಇಬ್ನ್ ಇಸ್‌ಹಾಕ್ ಒಬ್ಬ ಕ್ರೈಸ್ತ ವೈದ್ಯ. ಒಂದೇ ಪುಸ್ತಕದ ಹಲವು ಹಸ್ತಪ್ರತಿಗಳನ್ನು ಸೇರಿಸಿ, ಹೋಲಿಸಿ, ತಪ್ಪು ತಿದ್ದಿ, ಆಮೇಲೆ ಅನುವಾದಕ್ಕೆ ಕೈಹಾಕುತ್ತಿದ್ದ. ಪಶ್ಚಿಮ ಯುರೋಪಿನಲ್ಲಿ ಗ್ರೀಕ್ ಓದಬಲ್ಲವರು ಬೆರಳೆಣಿಕೆಯಷ್ಟು ಉಳಿದಿದ್ದ ಕಾಲ ಅದು. ಮುಂದೆ 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್‌ನಂಥವರು ಸ್ಪೇನಿನ ತೊಲೆದೊಗೆ ಬಂದು, ಅರಬ್ಬಿ ಕಲಿತು, ಆ ಪುಸ್ತಕಗಳನ್ನು ಲ್ಯಾಟಿನ್ನಿಗೆ ತಂದರು. ಗ್ರೀಕರ ಆಸ್ತಿ ಯುರೋಪಿನವರಿಗೆ ತಂದೆಯಿಂದ ಮಗನಿಗೆ ಬಂದ ಹಾಗೆ ಬಂತು ಅನ್ನುವ ಚಿತ್ರವನ್ನು ನಾನು ಒಪ್ಪುವುದಿಲ್ಲ. ಅದು ನೆರೆಯವರ ಮನೆಯಲ್ಲಿ ಜೋಪಾನವಾಗಿತ್ತು. ಅವರು ಅದನ್ನು ಬಳಸಿದರು, ಬೆಳೆಸಿದರು, ಆಮೇಲೆ ಕೊಟ್ಟರು.

ಎಲ್ಲರೆದುರು ಹೇಳು

ಪದಗಳ ಬೆನ್ನು ಹತ್ತಿ ಹೋದರೆ ಇದಕ್ಕೆ ಕೊನೆಯೇ ಇಲ್ಲ. ಫೋಟೋ, ಟೆಲಿಫೋನ್, ಸಿನಿಮಾ, ಕ್ಲಿನಿಕ್, ಮ್ಯೂಸಿಯಂ, ಸ್ಟೇಡಿಯಂ ಎಲ್ಲದರ ಬೇರೂ ಗ್ರೀಕೇ. 'ಸ್ಕೂಲ್' ಅನ್ನುವುದರ ಮೂಲ ಪದಕ್ಕೆ ಬಿಡುವು ಅಂತ ಅರ್ಥ. ಆದರೆ ಇವುಗಳಲ್ಲಿ ಎಷ್ಟೋ ಪದಗಳನ್ನು ಕಟ್ಟಿದ್ದು 19ನೇ ಶತಮಾನದ ಯುರೋಪಿನವರು. ಒಲಿಂಪಿಕ್ಸ್ ಕೂಡ ಹಾಗೇ. ಮ್ಯಾರಥಾನ್ ಓಟ ಶುರುವಾದದ್ದು 1896ರಲ್ಲಿ, ಜ್ಯೋತಿ ಹಿಡಿದು ದೇಶದಿಂದ ದೇಶಕ್ಕೆ ಓಡುವುದು 1936ರಲ್ಲಿ. ಹಳೆಯ ಒಲಿಂಪಿಯಾದಲ್ಲಿ ಎರಡೂ ಇರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಬೇರೆ ಮೂರು ಪದ: ಥಿಯೇಟರ್, ಥಿಯರಿ, ಥಿಯರಂ. ಮೂರಕ್ಕೂ ಬೇರು ಒಂದೇ, 'ನೋಡುವುದು' ಎಂದು. ನಾಟಕ ನೋಡುವ ಜಾಗ ಥಿಯೇಟರ್. ಮನಸ್ಸಿನಿಂದ ನೋಡುವುದು ಥಿಯರಿ. ಹೀಗೆ ನೋಡಿ ಕಂಡುಕೊಂಡದ್ದು ಥಿಯರಂ, ನಮ್ಮ ಪ್ರಮೇಯ. ಹೇಳುವವನು ಎಲ್ಲರೆದುರು ನಿಂತು ಹೇಳಬೇಕು, ಕೇಳುವವರು ತಾವೇ ನೋಡಿ ಒಪ್ಪಬೇಕು. ಗ್ರೀಕರಿಂದ ನಮಗೆ ಬಂದದ್ದರಲ್ಲಿ ಇದೇ ದೊಡ್ಡದು ಅಂತ ನಾನು ತಿಳಿದಿದ್ದೇನೆ.

ಈ ರೂಢಿ ಗಟ್ಟಿಯಾದದ್ದು ಅಥೆನ್ಸ್ ಊರಿನಲ್ಲಿ. ಕ್ರಿ.ಪೂ. 508ರ ಹೊತ್ತಿಗೆ ಕ್ಲೈಸ್ತೆನಿಸ್ ಎಂಬಾತ ಅಲ್ಲಿನ ಆಡಳಿತವನ್ನು ಹೊಸದಾಗಿ ಕಟ್ಟಿದ. ದೊಡ್ಡ ನಿರ್ಧಾರಗಳೆಲ್ಲ ಪ್ನೂಕ್ಸ್ ಎಂಬ ಗುಡ್ಡದ ಮೇಲೆ ಸೇರುವ ಜನರ ಸಭೆಯಲ್ಲಿ. ಆ ಸಭೆಯ ಕೆಲಸ ಸಿದ್ಧಪಡಿಸುವ 500 ಜನರನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ನ್ಯಾಯಾಲಯವೂ ಹಾಗೇ. ಕಾನೂನು ಓದಿದ ನ್ಯಾಯಾಧೀಶರು ಇಲ್ಲ. ತೀರ್ಪು ಕೊಡುವವರು 201 ಅಥವಾ 501 ಜನ ಸಾಮಾನ್ಯ ಪೌರರು. ವಾದ ಮಾಡುವವನು ತಾನೇ ಎದ್ದು ನಿಂತು ಮಾತಾಡಬೇಕು. ಪಕ್ಕದಲ್ಲಿ ತಳಕ್ಕೆ ತೂತಿರುವ ನೀರಿನ ಮಡಕೆ. ನೀರು ಖಾಲಿಯಾದರೆ ಮಾತು ಮುಗಿಯಿತು.

ಆ ಜನರನ್ನು ಆರಿಸುತ್ತಿದ್ದ ಯಂತ್ರದ ತುಂಡುಗಳು ಅಥೆನ್ಸಿನಲ್ಲಿ ಸಿಕ್ಕಿವೆ. ಅದೊಂದು ಕಲ್ಲಿನ ಚಪ್ಪಡಿ, ಅದರ ತುಂಬ ಸಾಲುಸಾಲು ಸೀಳುಗಳು. ಬಂದವರೆಲ್ಲ ತಮ್ಮ ಹೆಸರಿನ ತಗಡನ್ನು ಕೊಡಬೇಕು, ಅದನ್ನು ಸೀಳಿನಲ್ಲಿ ಸಿಕ್ಕಿಸುತ್ತಾರೆ. ಪಕ್ಕದ ಕೊಳವೆಯಿಂದ ಕಪ್ಪು, ಬಿಳಿ ಗುಂಡುಗಳು ಒಂದೊಂದಾಗಿ ಬೀಳುತ್ತವೆ. ಬಿಳಿ ಬಿದ್ದರೆ ಆ ಸಾಲಿನವರೆಲ್ಲ ಒಳಗೆ, ಕಪ್ಪು ಬಿದ್ದರೆ ಮನೆಗೆ. ಯಾರು ಕೂರುತ್ತಾರೆ ಅಂತ ಬೆಳಿಗ್ಗೆಯವರೆಗೂ ಗೊತ್ತಾಗದಿದ್ದರೆ ಲಂಚ ಕೊಡುವುದು ಯಾರಿಗೆ? ಯೋಚನೆ ಅಷ್ಟೇ ಸರಳ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಪ್ರಜಾಪ್ರಭುತ್ವ ಅಂದರೆ ಚುನಾವಣೆ ಅಂತ ನಾವು ತಿಳಿದಿದ್ದೇವೆ. ಅರಿಸ್ಟಾಟಲ್ ಬರೆದದ್ದು ಬೇರೆ. ಚೀಟಿ ಎತ್ತುವುದು ಪ್ರಜಾಪ್ರಭುತ್ವದ ರೀತಿ, ಚುನಾಯಿಸುವುದು ಕೆಲವೇ ಜನರ ಆಡಳಿತದ ರೀತಿ ಎಂದು. ಚುನಾವಣೆಯಲ್ಲಿ ಗೆಲ್ಲುವುದು ಹೆಸರು, ಹಣ, ಮನೆತನ ಇರುವವರು ಅಂತ ಆಗಲೇ ಅವರಿಗೆ ಗೊತ್ತಿತ್ತು. ದಂಡನಾಯಕರಂಥ ಕೆಲವರನ್ನು ಮಾತ್ರ ಅವರು ಚುನಾಯಿಸುತ್ತಿದ್ದರು, ಯಾಕಂದರೆ ಯುದ್ಧ ಗೊತ್ತಿಲ್ಲದವನ ಕೈಗೆ ಸೈನ್ಯ ಕೊಡುವ ಹಾಗಿಲ್ಲ. ಚೀಟಿ ಎತ್ತುವ ಪದ್ಧತಿ ಸತ್ತುಹೋಗಿಲ್ಲ. ಅಮೆರಿಕದ ಜ್ಯೂರಿ ಬರುವುದು ಹಾಗೇ. ಐರ್ಲೆಂಡಿನಲ್ಲಿ 2016ರಲ್ಲಿ 99 ಜನ ಸಾಮಾನ್ಯರನ್ನು ಹೀಗೇ ಆರಿಸಿ, ಒಬ್ಬ ಅಧ್ಯಕ್ಷರ ಕೆಳಗೆ ಕೂರಿಸಿ, ಗರ್ಭಪಾತದ ಕಾನೂನಿನಂಥ ಕಷ್ಟದ ವಿಷಯವನ್ನು ಚರ್ಚೆಗೆ ಕೊಟ್ಟರು. ಅವರ ಸಲಹೆಯ ಮೇಲೆ ನಡೆದ 2018ರ ಜನಮತದಲ್ಲಿ ಕಾನೂನೇ ಬದಲಾಯಿತು.

ಅಥೆನ್ಸ್ ಬರೀ ಒಳ್ಳೆಯದರ ಊರಲ್ಲ. ಊರಿಗೆ ಅಪಾಯ ಅನ್ನಿಸಿದವನನ್ನು ಹತ್ತು ವರ್ಷ ಹೊರಗೆ ಕಳಿಸುವ ಪದ್ಧತಿ ಅಲ್ಲಿತ್ತು. ಜನ ಒಡೆದ ಮಡಕೆಯ ಚೂರಿನ ಮೇಲೆ ಒಂದು ಹೆಸರು ಗೀಚಿ ಹಾಕುತ್ತಿದ್ದರು. ಸಲಾಮಿಸ್ ಕಾಳಗದಲ್ಲಿ ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ ಥೆಮಿಸ್ಟೊಕ್ಲಿಸ್‌ನನ್ನೂ ಹೀಗೇ ಕಳಿಸಿದರು. ಅಕ್ರೊಪೊಲಿಸ್ ಬೆಟ್ಟದ ಬದಿಯ ಒಂದು ಹಳೆಯ ಬಾವಿಯಲ್ಲಿ ಅವನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕವು. ಅಕ್ಷರ ಪರೀಕ್ಷಿಸಿದರೆ ಬರೆದ ಕೈಗಳು 14 ಮಾತ್ರ. ಯಾರೋ ಮೊದಲೇ ಬರೆಸಿ, ಹಂಚಲು ಇಟ್ಟುಕೊಂಡಿದ್ದರು. ಚುನಾವಣೆಯ ಹಿಂದಿನ ರಾತ್ರಿ ಏನೇನು ನಡೆಯುತ್ತದೆ ಅಂತ ಬಲ್ಲ ನಮಗೆ ಆ ಬಾವಿ ಬಹಳ ಹತ್ತಿರದ್ದು ಅನ್ನಿಸುತ್ತದೆ.

ಹೆಂಗಸರಿಗೆ ಆ ಸಭೆಯಲ್ಲಿ ಜಾಗ ಇರಲಿಲ್ಲ. ಹೊರಊರಿಂದ ಬಂದು ನೆಲೆಸಿದವರಿಗೂ ಇರಲಿಲ್ಲ. ಗುಲಾಮರ ಮಾತೇ ಇಲ್ಲ. ಸಲಾಮಿಸ್‌ನಲ್ಲಿ ಗೆದ್ದ ಹಡಗುಗಳನ್ನು ಕಟ್ಟಿದ್ದು ಲೌರಿಯನ್ ಗಣಿಯ ಬೆಳ್ಳಿಯಿಂದ. ಆ ಬೆಳ್ಳಿಯನ್ನು ಇಕ್ಕಟ್ಟಾದ ಸುರಂಗಗಳಲ್ಲಿ ತೆವಳಿಕೊಂಡು ಅಗೆದವರು ಗುಲಾಮರು. ಗುಲಾಮರಾಗಲೆಂದೇ ಹುಟ್ಟಿದವರು ಇದ್ದಾರೆ ಅಂತ ಅರಿಸ್ಟಾಟಲ್ ವಾದಿಸಿದ. ಮುಂದೆ ಎಷ್ಟೋ ಶತಮಾನ ಗುಲಾಮಗಿರಿ ನಡೆಸಿದವರು ಆ ವಾದವನ್ನೇ ಎತ್ತಿ ತೋರಿಸಿದರು. ಗ್ರೀಕರ ಪ್ರಭಾವ ಅಂದಾಗ ಇದನ್ನೂ ಎಣಿಸಬೇಕು.

ದತ್ತ, ಸಾಧನೀಯ, ರಚನೆ, ಸಾಧನೆ

501 ಜನ ಅಪರಿಚಿತರನ್ನು ಒಪ್ಪಿಸಬೇಕಾದರೆ 'ನಾನು ದೊಡ್ಡ ಮನೆತನದವನು, ಹಾಗಾಗಿ ನಂಬಿ' ಅಂದರೆ ಸಾಲದು. ಕಾರಣ ಕೊಡಬೇಕು. ಎದುರಾಳಿ ಅದರಲ್ಲಿ ತೂತು ಹುಡುಕುತ್ತಾನೆ, ಅದನ್ನೂ ಮುಚ್ಚಬೇಕು. ಇಂಥ ಊರುಗಳಲ್ಲಿ ಬೆಳೆದ ಜನರಿಗೆ ಗಣಿತದಲ್ಲೂ 'ಯಾರೂ ಅಲ್ಲಗಳೆಯಲಾಗದ ಹಾಗೆ ತೋರಿಸು' ಅನ್ನುವ ಹಟ ಬಂತು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ನನಗೆ ಆ ಮಾತು ಸರಿ ಅನ್ನಿಸುತ್ತದೆ.

ಹೈಸ್ಕೂಲಿನಲ್ಲಿ ಪ್ರಮೇಯ ಬರೆದದ್ದು ನೆನಪಿದೆಯಾ? ಮೊದಲು ಚಿತ್ರ. ಆಮೇಲೆ ಒಂದರ ಕೆಳಗೊಂದು: ದತ್ತ, ಸಾಧನೀಯ, ರಚನೆ, ಸಾಧನೆ. ಎಸ್ಸೆಸ್ಸೆಲ್ಸಿಯಲ್ಲಿ ಥೇಲ್ಸ್ ಪ್ರಮೇಯವೋ ಪೈಥಾಗೊರಸ್ ಪ್ರಮೇಯವೋ ಬರುತ್ತದೆ ಅಂತ ಉರು ಹೊಡೆದವರು ನಾವು. ಆ ನಾಲ್ಕು ಹೆಜ್ಜೆ ಯಾರೋ ಪಠ್ಯಪುಸ್ತಕ ಸಮಿತಿಯವರು ಮಾಡಿದ್ದಲ್ಲ. ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಯೂಕ್ಲಿಡ್ ಬರೆದ 13 ಭಾಗಗಳ ಗ್ರಂಥದಲ್ಲಿ ಇರುವುದು ಇದೇ ಕ್ರಮ. ಏನು ಕೊಟ್ಟಿದೆ, ಏನು ತೋರಿಸಬೇಕು, ಯಾವ ಗೆರೆ ಎಳೆಯಬೇಕು, ಹೇಗೆ ತೋರಿಸುವುದು.

ಈ ಹಟದ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ತ್ರಿಕೋನದ ಮೂರು ಕೋನ ಸೇರಿದರೆ 180 ಡಿಗ್ರಿ. ಕಾಗದದ ತ್ರಿಕೋನ ಕತ್ತರಿಸಿ ಮೂಲೆಗಳನ್ನು ಜೋಡಿಸಿದರೆ ಇದು ಕಾಣುತ್ತದೆ. ಸಾವಿರ ತ್ರಿಕೋನ ಕತ್ತರಿಸಬಹುದು. ಆದರೆ ಸಾವಿರದ ಒಂದನೆಯದು ಹಾಗೇ ಇರುತ್ತದೆ ಅಂತ ಹೇಗೆ ಗೊತ್ತು? ಹೀಗೆ ಮಾಡಿ. ತ್ರಿಕೋನದ ತುದಿಯ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಿರಿ. ಎಡಗಡೆ ಮೇಲೆ ಒಂದು ಕೋನ ಆಯಿತು. ಅದು ಕೆಳಗಿನ ಎಡ ಮೂಲೆಯ ಕೋನಕ್ಕೆ ಸಮ, ಯಾಕಂದರೆ ಅವು ಪರ್ಯಾಯ ಕೋನಗಳು. ಬಲಗಡೆಯೂ ಹಾಗೇ. ಈಗ ಮೇಲಿನ ಗೆರೆಯ ಮೇಲೆ ಮೂರೂ ಕೋನಗಳು ಪಕ್ಕಪಕ್ಕದಲ್ಲಿ ಕೂತಿವೆ. ಅದು ನೇರ ಗೆರೆ, ಹಾಗಾಗಿ ಮೊತ್ತ 180. ಯಾವ ಅಳತೆಯೂ ಮಾಡಲಿಲ್ಲ. ಕತ್ತರಿ ಬೇಕಾಗಲಿಲ್ಲ. ಆದರೂ ಇದುವರೆಗೆ ಯಾರೂ ಬರೆಯದ ತ್ರಿಕೋನದ ಬಗ್ಗೆಯೂ ಗೊತ್ತಾಯಿತು.

ಲಂಬಕೋನ ತ್ರಿಕೋನದ ಸೂತ್ರ ಪೈಥಾಗೊರಸ್‌ಗಿಂತ ಸಾವಿರ ವರ್ಷಕ್ಕೂ ಹಿಂದೆ ಬ್ಯಾಬಿಲೋನಿನವರಿಗೆ ಗೊತ್ತಿತ್ತು. ಯಜ್ಞವೇದಿ ಕಟ್ಟುವ ಲೆಕ್ಕದಲ್ಲಿ ನಮ್ಮ ಬೌಧಾಯನನೂ ಅದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಲೆಕ್ಕಕ್ಕೆ ಕಾರಣ ಕೊಡುವ 'ಉಪಪತ್ತಿ' ಅನ್ನುವ ಪದ್ಧತಿಯೂ ನಮ್ಮಲ್ಲಿತ್ತು. ಯೂಕ್ಲಿಡ್‌ನ ವಿಶೇಷ ಬೇರೆ. ಅವನು ಐದೇ ಐದು ಮಾತುಗಳನ್ನು ಒಪ್ಪಿಕೊಳ್ಳಿ ಅಂತ ಕೇಳಿ, ಅದರ ಮೇಲೆ ನೂರಾರು ಪ್ರಮೇಯಗಳನ್ನು ಕಲ್ಲಿನ ಮೇಲೆ ಕಲ್ಲಿಟ್ಟ ಹಾಗೆ ಕಟ್ಟಿದ.

ಆ ಪುಸ್ತಕ ನಮ್ಮ ದೇಶಕ್ಕೆ ಇಂಗ್ಲಿಷಿಗಿಂತ ಮೊದಲು ಸಂಸ್ಕೃತದಲ್ಲಿ ಬಂತು. 18ನೇ ಶತಮಾನದ ಮೊದಲ ಭಾಗದಲ್ಲಿ ಜೈಪುರದ ರಾಜ ಸವಾಯಿ ಜಯಸಿಂಹನ ಆಸ್ಥಾನದಲ್ಲಿದ್ದ ಜಗನ್ನಾಥ ಸಾಮ್ರಾಟ್ ಎಂಬ ಪಂಡಿತ ಅದನ್ನು ಅರಬ್ಬಿಯಿಂದ ಅನುವಾದಿಸಿದ. ಅರಬ್ಬಿ ಪಾಠ 13ನೇ ಶತಮಾನದ ನಸೀರುದ್ದೀನ್ ತೂಸಿಯದು. ಸಂಸ್ಕೃತದ ಪುಸ್ತಕಕ್ಕೆ ಜಗನ್ನಾಥ ಇಟ್ಟ ಹೆಸರು 'ರೇಖಾಗಣಿತ'. ನಮ್ಮ ಕನ್ನಡ ಮೇಷ್ಟರು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಪದ.

ಶತ್ರುವಿನ ತಾಯಿಯ ಅಳು

ನಾಟಕದ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಈಸ್ಕಿಲಸ್‌ನ ಒಂದು ನಾಟಕ ಆಡಿದರು. ಸಲಾಮಿಸ್ ಕಾಳಗ ನಡೆದು ಎಂಟು ವರ್ಷ ಆಗಿತ್ತು. ಪರ್ಷಿಯನ್ನರು ಊರನ್ನು ಸುಟ್ಟದ್ದು ನೋಡುಗರ ಕಣ್ಣಲ್ಲೇ ಇತ್ತು. ಸ್ವತಃ ಈಸ್ಕಿಲಸ್ ಆ ಯುದ್ಧಗಳಲ್ಲಿ ಹೋರಾಡಿದವನು. ಆದರೂ ನಾಟಕ ನಡೆಯುವುದು ಪರ್ಷಿಯಾದ ಅರಮನೆಯಲ್ಲಿ. ಸೋತ ಮಗನಿಗಾಗಿ ಕಾಯುವ ರಾಣಿ, ಸತ್ತವರ ಹೆಸರು ಹೇಳಿ ಅಳುವ ಮುದುಕರು. ಗೆದ್ದ ಊರಿನ ಜನ ಕೂತು ಶತ್ರುವಿನ ತಾಯಿಯ ದುಃಖ ನೋಡಿದರು. ನೋಡಿ ಆ ವರ್ಷದ ಮೊದಲ ಬಹುಮಾನವನ್ನೂ ಕೊಟ್ಟರು.

ಆ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದವರು ಬಿ.ಎಂ.ಶ್ರೀ. ಅದಕ್ಕೂ ಮೊದಲು, 1929ರಲ್ಲಿ, ಇನ್ನೊಬ್ಬ ಗ್ರೀಕ್ ನಾಟಕಕಾರ ಸೋಫೊಕ್ಲಿಸ್ ಬರೆದ ಅಜಾಕ್ಸ್ ಎಂಬ ವೀರನ ಕಥೆಯ ಜಾಗದಲ್ಲಿ ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿ 'ಅಶ್ವತ್ಥಾಮನ್' ಬರೆದರು. ಅವಮಾನದಿಂದ ಕುದಿದು ವಿವೇಕ ಕಳೆದುಕೊಂಡ ವೀರ, ಆಮೇಲೆ ಎಚ್ಚರವಾಗಿ ನಾಚಿಕೆಯಿಂದ ಬೇಯುವ ವೀರ. ಗ್ರೀಕ್ ಮೈಯೊಳಗೆ ನಮ್ಮ ದ್ರೋಣನ ಮಗ ಸರಿಯಾಗಿ ಕೂತುಬಿಟ್ಟ. ಮುಂದೆ ಲಂಕೇಶ್ 'ದೊರೆ ಈಡಿಪಸ್' ಅನುವಾದಿಸಿದರು, ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದರು. ಕನ್ನಡದ ನೋಡುಗರೂ ಬಯಲಿನಲ್ಲಿ ಕೂತು, ತನ್ನ ತಪ್ಪನ್ನು ತಾನೇ ತನಿಖೆ ಮಾಡಿ ಹೊರತೆಗೆಯುವ ರಾಜನನ್ನು ಕಂಡರು.

ಔಷಧದಲ್ಲೂ ಇದೇ ರೀತಿಯ ಧೈರ್ಯ ಕಾಣುತ್ತದೆ. ಕ್ರಿ.ಪೂ. 400ರ ಸುಮಾರಿನ, ಹಿಪ್ಪೊಕ್ರಟೀಸ್ ಹೆಸರಿನಲ್ಲಿ ಉಳಿದ ಬರಹಗಳಲ್ಲಿ ಒಂದು ಮೂರ್ಛೆರೋಗದ ಬಗ್ಗೆ ಇದೆ. ಜನ ಅದನ್ನು 'ಪವಿತ್ರ ರೋಗ' ಅನ್ನುತ್ತಿದ್ದರು, ದೇವರು ಮೈಮೇಲೆ ಬಂದದ್ದು ಅಂತ. ಬರೆದವನು ನೇರವಾಗಿ ಹೇಳುತ್ತಾನೆ: ಬೇರೆ ರೋಗಗಳಿಗಿಂತ ಇದೇನೂ ಹೆಚ್ಚು ಪವಿತ್ರವಲ್ಲ, ಇದಕ್ಕೂ ಒಂದು ಕಾರಣ ಇದೆ, ಅದು ಮಿದುಳಿನಲ್ಲಿದೆ. ಚಿಕಿತ್ಸೆ ಗೊತ್ತಿಲ್ಲದವರು ತಮ್ಮ ಅಜ್ಞಾನ ಮುಚ್ಚಿಕೊಳ್ಳಲು ದೇವರ ಹೆಸರು ಹೇಳಿದರು ಎಂದು. ಕಫ ನಾಳಗಳನ್ನು ತಡೆಯುತ್ತದೆ ಅನ್ನುವ ಅವನ ವಿವರಣೆ ತಪ್ಪು. ಮಿದುಳು ಅನ್ನುವುದು ಸರಿ. ನಮ್ಮಲ್ಲಿ ಇವತ್ತಿಗೂ ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದಕೈ ತುರುಕುವುದನ್ನು ನೋಡುತ್ತೇವೆ. ಅದರಿಂದ ಏನೂ ಆಗುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ಐದನೆಯ ಮಾತು

ಗ್ರೀಕರು ಹೇಳಿದ್ದರಲ್ಲಿ ತಪ್ಪು ಬೇಕಾದಷ್ಟಿದೆ. ಭಾರದ ವಸ್ತು ಬೇಗ ಬೀಳುತ್ತದೆ ಅಂದದ್ದು ತಪ್ಪು. ಭೂಮಿ ನಡುವೆ ಇದೆ ಅಂದದ್ದು ತಪ್ಪು, ಆದರೆ ಸಾಮೋಸ್ ದ್ವೀಪದ ಅರಿಸ್ಟಾರ್ಕಸ್ ಆಗಲೇ ಸೂರ್ಯನನ್ನು ನಡುವೆ ಇಟ್ಟಿದ್ದ. ಗ್ಯಾಲೆನ್ ಮಂಗ, ಹಂದಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆ ಬರೆದ. 1543ರಲ್ಲಿ ವೆಸಾಲಿಯಸ್ ಮನುಷ್ಯರ ದೇಹವನ್ನೇ ಕೊಯ್ದು ತಿದ್ದುವ ತನಕ ಅದೇ ನಡೆಯಿತು. ಈ ತಪ್ಪುಗಳು ಸಾವಿರ ವರ್ಷಕ್ಕೂ ಜಾಸ್ತಿ ಬಾಳಿದ್ದು ಅವರ ಹೆಸರಿನ ಭಾರದಿಂದ. ಬಿದ್ದದ್ದು 'ತೋರಿಸು' ಅನ್ನುವ ಅವರದೇ ಹಟದಿಂದ.

ಇದಕ್ಕೆ ನನಗೆ ಗೊತ್ತಿರುವ ದೊಡ್ಡ ಸಾಕ್ಷಿ ಯೂಕ್ಲಿಡ್ ಕೇಳಿಕೊಂಡ ಐದನೆಯ ಮಾತು. ಸರಳವಾಗಿ ಹೇಳಿದರೆ ಹೀಗೆ: ಒಂದು ಗೆರೆ, ಅದರ ಹೊರಗೆ ಒಂದು ಬಿಂದು. ಆ ಬಿಂದುವಿನ ಮೂಲಕ ಮೊದಲ ಗೆರೆಗೆ ಸಮಾಂತರವಾಗಿ ಒಂದೇ ಒಂದು ಗೆರೆ ಎಳೆಯಬಹುದು. ಮೊದಲ ನಾಲ್ಕು ಮಾತು ಯಾರಿಗೂ ಅನುಮಾನ ಹುಟ್ಟಿಸಲಿಲ್ಲ. ಐದನೆಯದು ಮಾತ್ರ ಓದಿದವರಿಗೆಲ್ಲ ಚುಚ್ಚುತ್ತಿತ್ತು. ಇದನ್ನು ಸುಮ್ನೆ ಒಪ್ಪಿಕೊಳ್ಳುವುದು ಯಾಕೆ, ಉಳಿದ ನಾಲ್ಕರಿಂದ ಸಾಧಿಸಬಾರದೇಕೆ? ಗ್ರೀಕರು ಪ್ರಯತ್ನಿಸಿದರು. ಪರ್ಷಿಯಾದ ಒಮರ್ ಖಯ್ಯಾಮ್ ಪ್ರಯತ್ನಿಸಿದ. ನಸೀರುದ್ದೀನ್ ತೂಸಿ ಪ್ರಯತ್ನಿಸಿದ. ಎರಡು ಸಾವಿರ ವರ್ಷ ಯಾರಿಗೂ ಆಗಲಿಲ್ಲ.

ಕೊನೆಗೆ 1829ರಲ್ಲಿ ರಷ್ಯಾದ ಲೊಬಚೆವ್‌ಸ್ಕಿ, 1832ರಲ್ಲಿ ಹಂಗೇರಿಯ ಬೋಯಾಯ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಆ ಐದನೆಯ ಮಾತನ್ನೇ ಬಿಟ್ಟು ಬೇರೆ ರೇಖಾಗಣಿತ ಕಟ್ಟಬಹುದು ಅಂತ ತೋರಿಸಿದರು. ಅದರಲ್ಲಿ ತ್ರಿಕೋನದ ಕೋನಗಳ ಮೊತ್ತ 180ಕ್ಕಿಂತ ಕಡಿಮೆ. ಜಾಸ್ತಿ ಇರುವುದನ್ನು ನೋಡಬೇಕಾದರೆ ಒಂದು ಗ್ಲೋಬ್ ತನ್ನಿ. ಉತ್ತರ ಧ್ರುವದಿಂದ ಸಮಭಾಜಕಕ್ಕೆ ಒಂದು ಗೆರೆ, ಅದಕ್ಕೆ 90 ಡಿಗ್ರಿ ಆಚೆ ಇನ್ನೊಂದು ಗೆರೆ, ಎರಡನ್ನೂ ಸಮಭಾಜಕದ ಮೇಲೆ ಸೇರಿಸಿ. ಮೂರು ಮೂಲೆಯಲ್ಲೂ 90. ಮೊತ್ತ 270. ನಾವು ಮೇಲೆ ಎಳೆದ ಆ ಸಮಾಂತರ ಗೆರೆ ಗ್ಲೋಬಿನ ಮೇಲೆ ಎಳೆಯಲಿಕ್ಕೇ ಆಗುವುದಿಲ್ಲ.

1854ರಲ್ಲಿ ಜರ್ಮನಿಯ ರೀಮಾನ್ ಇಂಥ ಬಾಗಿದ ಲೋಕಗಳಿಗೆಲ್ಲ ಒಂದು ಗಣಿತ ಕೊಟ್ಟ. 1915ರಲ್ಲಿ ಐನ್‌ಸ್ಟೈನ್ ಅದನ್ನೇ ಬಳಸಿ, ಭಾರ ಇರುವ ವಸ್ತುಗಳ ಸುತ್ತ ಜಾಗ ಮತ್ತು ಕಾಲ ಎರಡೂ ಬಾಗುತ್ತವೆ ಅಂದರು. ಅದರ ಲೆಕ್ಕ ಈಗ ನಮ್ಮ ಜೇಬಿನಲ್ಲಿದೆ. ಫೋನಿಗೆ ದಾರಿ ಹೇಳುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ತಿದ್ದಿಟ್ಟಿದ್ದಾರೆ. ತಿದ್ದದೆ ಬಿಟ್ಟಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿನಷ್ಟು ತಪ್ಪು ಸೇರಿಕೊಳ್ಳುತ್ತಿತ್ತು. ಫೋನಿನ ಮ್ಯಾಪ್ ನೋಡಿಕೊಂಡು ಆಟೋದವರು ನಮ್ಮ ಗಲ್ಲಿಯ ತಿರುವನ್ನು ಸರಿಯಾಗಿ ಹಿಡಿದು, ಗೇಟಿನ ಮುಂದೆ ಬಂದು ನಿಲ್ಲುವುದು ಆ ತಿದ್ದುಪಡಿ ಇರುವುದರಿಂದ.